ನನ್ನ ಕಮೋಡಿಗೆ ನಾನೇ ಬಾಡಿಗೆ ಕಟ್ಟಬೇಕಾ?

ಅಡ್ವಾನ್ಸ್ ವಾಪಸ್ ಪಡೆಯೋದು ಹೇಗೆ ಅಂತ ಮಾಡಿದ್ದ ಎಪಿಸೋಡ್ ಆದ್ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ. ಬಾಡಿಗೆ ಮನೆಗೆ ಕೈಯಿಂದ ದುಡ್ಡು ಹಾಕಬಹುದಾ? ಕಿಚನ್ ಸರಿ ಮಾಡಿಸ್ಬಹುದಾ, ಬಣ್ಣ ಹೊಡಿಸ್ಬಹುದಾ, ಅಥವಾ ಅದೆಲ್ಲ ಊರಿನವರ ಮನೆಗೆ ಎಣ್ಣೆ ಸುರಿದ ಹಾಗಾ?

ಉತ್ತರ ಕೊಡೋಕೆ ನನ್ನ ಹತ್ರ ಇರೋದು ಒಂದು ಬಿ.ಕಾಂ ಡಿಗ್ರಿ ಮತ್ತು 51,500 ರೂಪಾಯಿಯ ಬಿಲ್‌ಗಳು. ಬಿಲ್‌ಗಳಿಂದ ಶುರು ಮಾಡ್ತೀನಿ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಒಂದು ಸಿಂಗಲ್ ಬೆಡ್‌ರೂಂ ಮನೆಯಲ್ಲಿದ್ದೆ. ಬಾಡಿಗೆ 14,000, ಅಡ್ವಾನ್ಸ್ ಒಂದು ಲಕ್ಷ. ಗಾಳಿ ಬೆಳಕು ಚೆನ್ನಾಗಿತ್ತು, ನೀರಿನ ತೊಂದರೆ ಇರಲಿಲ್ಲ. ಓನರ್ ಆಂಟಿ, ಅಂಕಲ್ ಕೆಳಗಿನ ಮನೆಯಲ್ಲೇ ಇರ್ತಿದ್ರು. ಅಂಕಲ್ ರಿಟೈರ್ ಆಗಿದ್ರು. ಮೇಲಿನ ಎರಡು ಮನೆಗಳ ಬಾಡಿಗೆಯೇ ಅವರ ತಿಂಗಳ ಸಂಬಳ ಅನ್ನಬಹುದು. ಇದನ್ನ ಮೊದಲೇ ಹೇಳ್ತಿದ್ದೀನಿ, ಯಾಕಂದ್ರೆ ಮುಂದೆ ಕಥೆ ಕೇಳ್ತಾ ನಿಮಗೆ ಆಂಟಿ ಮೇಲೆ ಕೋಪ ಬರಬಹುದು. ನನಗೂ ಬಂದಿತ್ತು.

ಮನೆಗೆ ಬಂದು ಮೂರು ತಿಂಗಳಿಗೆ ಅಮ್ಮನ ಮಂಡಿ ಆಪರೇಷನ್ ಆಯ್ತು. ಅಮ್ಮ ತಿಪಟೂರಿನಲ್ಲಿ ಒಬ್ಬರೇ ಇದ್ದವರು. ಫಿಸಿಯೋಥೆರಪಿ ಮುಗಿಯೋವರೆಗಾದ್ರೂ ನನ್ನ ಜೊತೆ ಇರ್ಲಿ ಅಂತ ಕರ್ಕೊಂಡು ಬಂದೆ. ಮನೆಯಲ್ಲಿದ್ದಿದ್ದು ಇಂಡಿಯನ್ ಟಾಯ್ಲೆಟ್. ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ರು, ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ ಅಂತ. ಮೆಡಿಕಲ್ ಶಾಪಲ್ಲಿ ಸಿಗೋ ತೂತು ಕುರ್ಚಿ ತಂದೆ. ಅಮ್ಮ ನಾಲ್ಕು ದಿನ ಅದರಲ್ಲಿ ಕೂತ್ರು. ಐದನೇ ದಿನ ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ರು. ಕೇಳಿದ್ರೆ ಬಾಯಾರಿಕೆ ಇಲ್ಲ ಕಣೇ ಅಂದ್ರು.

ಅವತ್ತೇ ಸಂಜೆ ಮೆಟ್ಟಿಲ ಹತ್ರ ಆಂಟಿ ಸಿಕ್ಕಾಗ ಕೇಳಿದೆ.

"ಆಂಟಿ, ಬಾತ್‌ರೂಮಲ್ಲಿ ವೆಸ್ಟರ್ನ್ ಕಮೋಡ್ ಹಾಕಿಸಿಕೊಳ್ಳಬಹುದಾ?"

"ಅಮ್ಮನಿಗಾ? ಹಾಕಿಸ್ಕೋಮ್ಮ, ನಮ್ದೇನೂ ಇಲ್ಲ. ಕೆಳಗೆ ಲೀಕ್ ಆಗದ ಹಾಗೆ ನೋಡ್ಕೋ ಅಷ್ಟೆ."

ಇಷ್ಟೇ ಮಾತು. ಎರಡು ನಿಮಿಷ ಕೂಡ ಆಗಿರಲಿಲ್ಲ. ಖರ್ಚು ಯಾರದು, ಹೋಗುವಾಗ ಏನು, ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಷ್ಟು ಒಳ್ಳೆ ಮಾತಾಡಿದವರ ಹತ್ರ ದುಡ್ಡಿನ ವಿಷಯ ತೆಗೆಯೋಕೆ ನನಗೆ ಸಂಕೋಚ ಆಯ್ತು. ಆ ಸಂಕೋಚದ ಬೆಲೆ ಎಷ್ಟು ಅಂತ ಮುಂದೆ ಲೆಕ್ಕ ಹಾಕೋಣ.

ಹಳೇದು ಒಡೆದು ಕಮೋಡ್ ಕೂರಿಸಿ, ಟೈಲ್ಸ್ ಹಾಕಿ, ಗಾರೆ ಮೇಸ್ತ್ರಿ, ಪ್ಲಂಬರ್ ಕೂಲಿ ಸೇರಿ 17,500. ಗೋಡೆಗೆ ಸ್ಟೀಲ್ ಹಿಡಿ 1,200. ಗೀಸರ್ 6,800. ಒಂದು ಸಲ ಕೆಲಸದವರು ಮನೆಗೆ ಬಂದ್ರೆ ಕೈ ನಿಲ್ಲಲ್ಲ, ಇದು ನಿಮಗೂ ಗೊತ್ತಿರತ್ತೆ. ಅಮ್ಮ ಮಲಗೋ ರೂಮಿನ ಗೋಡೆ ತೇವ ಹಿಡಿದಿತ್ತು, ಕೆರೆದು ಪುಟ್ಟಿ ಹಾಕಿ ಬಣ್ಣ ಹೊಡೆಸಿದೆ, 9,600. ಕಿಟಕಿಗಳಿಗೆ ಫ್ರೇಮ್ ಇರೋ ಸೊಳ್ಳೆ ಮೆಶ್ 5,400. ಅಡುಗೆಮನೆಯ ಕಡಪ ಕಲ್ಲಿನ ಕೆಳಗೆ ಅಮ್ಮ ಬಗ್ಗದೆ ಪಾತ್ರೆ ತಗೊಳ್ಳೋ ಹಾಗೆ ಎಳೆಯೋ ಟ್ರೇಗಳು 11,000. ಒಟ್ಟು 51,500. ಆಪರೇಷನ್ ಖರ್ಚು ಕಳೆದು ನನ್ನ ಅಕೌಂಟಲ್ಲಿ ಉಳಿದಿದ್ದೇ 70 ಸಾವಿರ.

ಹನ್ನೊಂದು ತಿಂಗಳಾದ ಮೇಲೆ ಅಗ್ರಿಮೆಂಟ್ ರಿನ್ಯೂ ಆಯ್ತು, ಐದು ಪರ್ಸೆಂಟ್ ಜಾಸ್ತಿ, 14,700. ಸರಿ. ಮತ್ತೆ ಹನ್ನೊಂದು ತಿಂಗಳು. ಈ ಸಲ ಆಂಟಿ 17,500 ಕೇಳಿದ್ರು. ನಾನು ನಕ್ಕುಬಿಟ್ಟೆ, ತಮಾಷೆ ಅಂದ್ಕೊಂಡು.

"ಇಲ್ಲಮ್ಮ, ಈ ರೋಡಲ್ಲಿ ವೆಸ್ಟರ್ನ್ ಇರೋ ಮನೆಗೆಲ್ಲ ಅಷ್ಟೇ ನಡೀತಿದೆ. ಮನೆ ಈಗ ಮೊದಲಿನ ಹಾಗಿಲ್ಲವಲ್ಲ, ಚೆನ್ನಾಗಿದೆ."

"ಚೆನ್ನಾಗಿ ಮಾಡಿಸಿದ್ದು ನಾನಲ್ವಾ ಆಂಟಿ?"

"ಹಾಕಿಸು ಅಂತ ನಾವು ಹೇಳಿದ್ವಾ? ನೀನು ಕೇಳ್ದೆ, ನಾವು ಬೇಡ ಅನ್ಲಿಲ್ಲ."

ನೋಡಿ, ಆಂಟಿ ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಬೇಡ ಅನ್ನದೇ ಇರೋದು ಬೇರೆ, ಖರ್ಚಲ್ಲಿ ಪಾಲು ತಗೊಳ್ಳೋದು ಬೇರೆ. ನಾನು ಒಂದನ್ನ ಕೇಳಿ ಇನ್ನೊಂದು ಸಿಕ್ಕಿದೆ ಅಂದ್ಕೊಂಡಿದ್ದೆ. ಆದ್ರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ತಂದ ಕಮೋಡಿಗೆ ನಾನೇ ತಿಂಗಳಿಗೆ ಹತ್ರ ಹತ್ರ ಮೂರು ಸಾವಿರ ಬಾಡಿಗೆ ಕಟ್ಟಬೇಕಾ? ಹಠಕ್ಕೆ ಬಿದ್ದು ಮನೆ ಖಾಲಿ ಮಾಡಿದೆ. ಹೋಗುವಾಗ ಪೇಂಟಿಂಗಿಗೆ ಅಂತ ಅಡ್ವಾನ್ಸಲ್ಲಿ 14,000 ಹಿಡ್ಕೊಂಡ್ರು. ನಾನೇ ಬಣ್ಣ ಹೊಡೆಸಿದ ರೂಮಿಗೂ ಸೇರಿಸಿ.

ಈಗ ಲೆಕ್ಕಕ್ಕೆ ಬರ್ತೀನಿ. ಕಂಪನಿಗಳು ಬಾಡಿಗೆ ಆಫೀಸಿಗೆ ಪಾರ್ಟಿಷನ್, ಫಾಲ್ಸ್ ಸೀಲಿಂಗ್ ಎಲ್ಲ ಹಾಕಿಸ್ತಾವಲ್ಲ, ಅದನ್ನ ಅಕೌಂಟ್ಸಲ್ಲಿ ಲೀಸ್‌ಹೋಲ್ಡ್ ಇಂಪ್ರೂವ್‌ಮೆಂಟ್ ಅಂತಾರೆ. ಆ ವಸ್ತು ಎಷ್ಟು ವರ್ಷ ಬಾಳಿಕೆ ಬರತ್ತೆ, ಲೀಸ್ ಎಷ್ಟು ವರ್ಷ ಇದೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಅವಧಿಗೆ ಖರ್ಚನ್ನ ಹಂಚಿ ಬರೀತಾರೆ. ಕಮೋಡ್ ಇಪ್ಪತ್ತು ವರ್ಷ ಬರಬಹುದು. ಆದ್ರೆ ನಿಮ್ಮ ಕೈಲಿರೋ ಖಾತ್ರಿ ಎಷ್ಟು? 11 ತಿಂಗಳು. ಒಂದು ವರ್ಷ ಮೀರಿದ ಲೀಸ್ ಆದ್ರೆ ರಿಜಿಸ್ಟರ್ ಮಾಡಿಸ್ಬೇಕು, ಅದನ್ನ ತಪ್ಪಿಸೋಕೇ ಈ 11ರ ರೂಢಿ ಬಂದಿರೋದು. ಹಾಗಾಗಿ ನೀವು ಬಾಡಿಗೆ ಮನೆಗೆ ಏನೇ ಹಾಕಿ, ಮೊದಲು ಅದನ್ನ 11ರಿಂದ ಭಾಗಿಸಿ. ಆ ಮೊತ್ತವನ್ನ ಬಾಡಿಗೆಗೆ ಕೂಡಿಸಿ ನೋಡಿ. ಅಷ್ಟು ಬಾಡಿಗೆಗೆ ಎಲ್ಲ ಇರೋ ಬೇರೆ ಮನೆಯೇ ಸಿಗತ್ತೆ ಅಂದ್ರೆ, ಪ್ಲಂಬರ್ ಬದಲು ಪ್ಯಾಕರ್ಸಿಗೆ ಫೋನ್ ಮಾಡಿ.

ನಂದು ಹೇಗಾಯ್ತು ಅಂದ್ರೆ, ಖರ್ಚು ಮಾಡಿದ ಮೇಲೆ ಆ ಮನೇಲಿ 19 ತಿಂಗಳಿದ್ದೆ. ಗೀಸರ್ ಬಿಚ್ಕೊಂಡು ಬಂದೆ, ಅದನ್ನ ಕಳೆದ್ರೆ 44,700. ಪೇಂಟಿಂಗ್ ಕಟ್ 14,000 ಸೇರಿಸಿದ್ರೆ 58,700. 19 ತಿಂಗಳ ಬಾಡಿಗೆ 2,73,700. ಎಲ್ಲ ಕೂಡಿಸಿ 19ರಿಂದ ಭಾಗಿಸಿದೆ. ಬಂದ ಉತ್ತರ ನೋಡಿ ಕ್ಯಾಲ್ಕುಲೇಟರ್ ತಪ್ಪಾಗಿದೆಯಾ ಅಂತ ಮತ್ತೆ ಒತ್ತಿದೆ. 17,495. ಯಾವ 17,500 ಜಾಸ್ತಿ ಅಂತ ಜಗಳ ಆಡಿ ಬಂದೆನೋ, ಅದನ್ನ ನಾನು ಗೊತ್ತಿಲ್ಲದೇ 19 ತಿಂಗಳಿಂದ ಕಟ್ತಾನೇ ಇದ್ದೆ. ಸಿಎ ಓದ್ತಿರೋರು ಈಗ ಮೆಸೇಜ್ ಮಾಡ್ತೀರ, ಪೇಂಟಿಂಗ್ ಕಟ್ಟನ್ನ ಪೂರ್ತಿ 22 ತಿಂಗಳಿಗೆ ಹಂಚಬೇಕಿತ್ತು ಅಂತ. ಹಂಚಿ, ನೂರು ರೂಪಾಯಿ ಕಡಿಮೆ ಬರತ್ತೆ.

ಕಾನೂನಿನ ವಿಷಯ. ನಾನು ವಕೀಲೆ ಅಲ್ಲ, ಆದ್ರೆ ಈ ಜಗಳ ಆದ್ಮೇಲೆ ಒಂದು ಸೆಕ್ಷನ್ ಅಂತೂ ಪೂರ್ತಿ ಓದಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ, ಸೆಕ್ಷನ್ 108. ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲ, ಊರಿನ ರೂಢಿ ಬೇರೆ ಇಲ್ಲ ಅಂದ್ರೆ ಅದು ಅನ್ವಯ. ಬಾಡಿಗೆದಾರ ತಾನು ಜೋಡಿಸಿದ ವಸ್ತುಗಳನ್ನ ಬಿಚ್ಕೊಂಡು ಹೋಗಬಹುದು. ಆದ್ರೆ ಮನೆ ಅವನ ವಶದಲ್ಲಿ ಇರುವಾಗಲೇ ಬಿಚ್ಚಬೇಕು, ಬಿಟ್ಟುಕೊಟ್ಟ ಮೇಲೆ ಅಲ್ಲ. ಮನೆಯನ್ನ ಹೇಗೆ ತಗೊಂಡಿದ್ನೋ ಹಾಗೇ ವಾಪಸ್ ಕೊಡಬೇಕು. ಅಂದ್ರೆ ನನ್ನ ಕಮೋಡ್ ನಾನು ಒಯ್ಯಬೇಕು ಅಂದ್ರೆ ಅಲ್ಲಿ ಮತ್ತೆ ಇಂಡಿಯನ್ ಕೂರಿಸಿ ಬರಬೇಕಿತ್ತು! ಅದಕ್ಕಿಂತ ಅಲ್ಲೇ ಬಿಡೋದೇ ಅಗ್ಗ. ಓನರ್ ಒಪ್ಪಿಗೆ ಇಲ್ಲದೆ ಶಾಶ್ವತ ಕಟ್ಟಡ ಕಟ್ಟೋ ಹಾಗಿಲ್ಲ ಅಂತಲೂ ಅದರಲ್ಲಿದೆ.

ಅದೇ ಸೆಕ್ಷನ್ನಲ್ಲಿ ನಮಗೆ ಉಪಯೋಗ ಆಗೋ ಒಂದು ಮಾತೂ ಇದೆ. ಓನರ್ ಮಾಡಿಸಿಕೊಡಲೇಬೇಕಾದ ರಿಪೇರಿ ಇದ್ದು, ನೀವು ತಿಳಿಸಿದ ಮೇಲೂ ಸರಿಯಾದ ಸಮಯದಲ್ಲಿ ಮಾಡಿಸದಿದ್ರೆ, ನೀವೇ ಮಾಡಿಸಿ ಆ ಖರ್ಚನ್ನ ಬಾಡಿಗೆಯಲ್ಲಿ ಕಳೆಯಬಹುದು. ಆದ್ರೆ ರಿಪೇರಿ ಬೇರೆ, ಇಂಪ್ರೂವ್‌ಮೆಂಟ್ ಬೇರೆ. ತೇವದ ಗೋಡೆ ರಿಪೇರಿ. ಎಳೆಯೋ ಟ್ರೇ ನಮ್ಮ ಅನುಕೂಲ. ನಾನು ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದು ತಪ್ಪು. ಗೋಡೆಯ ಫೋಟೋ ತೆಗೆದು ಆಂಟಿಗೆ ವಾಟ್ಸಾಪ್ ಮಾಡಿದ್ದಿದ್ರೆ ಆ 9,600ರ ಬಗ್ಗೆ ಮಾತಾಡೋಕಾದ್ರೂ ಬಾಯಿ ಇರ್ತಿತ್ತು.

ಪೇಂಟಿಂಗ್ ಕಟ್ ಬಗ್ಗೆ ಕೇಳಿದೋರಿಗೆ ಒಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂತು. ಅದರಲ್ಲಿ, ಬೇರೆ ಒಪ್ಪಂದ ಇಲ್ಲದಿದ್ರೆ ಸುಣ್ಣ ಬಣ್ಣ ಓನರ್ ಪಟ್ಟಿಗೆ ಬರತ್ತೆ, ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಓದೋಕೆ ಚೆನ್ನಾಗಿದೆ. ಆದ್ರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ತಂದ್ರಷ್ಟೇ ಜಾರಿ. ಓನರ್ ಮುಂದೆ ಅದನ್ನ ಹಿಡಿದು ವಾದ ಮಾಡೋಕೆ ಹೋಗಬೇಡಿ.

ನನಗೆ ನಿಜವಾಗಿ ಹೊಟ್ಟೆ ಉರಿದಿದ್ದು ಟ್ಯಾಕ್ಸ್ ವಿಷಯದಲ್ಲಿ. ಬಾಡಿಗೆ ಆದಾಯ ತೋರಿಸೋ ಓನರಿಗೆ, ಮನೆ ಕಂದಾಯ ಕಳೆದು ಉಳಿದಿದ್ದರಲ್ಲಿ ಶೇಕಡಾ 30 ನೇರವಾಗಿ ಕಳೆಯೋಕೆ ಅವಕಾಶ ಇದೆ. ಒಂದು ಮೊಳೆ ಹೊಡೆಸದಿದ್ರೂ ಸಿಗತ್ತೆ, ಬಿಲ್ ತೋರಿಸಬೇಕಿಲ್ಲ. ಸಂಬಳದವರು ಬಾಡಿಗೆ ಮನೆಗೆ ಹಾಕಿದ 51,500ಕ್ಕೆ ಸಿಗೋದು ಸೊನ್ನೆ. ಎಚ್‌ಆರ್‌ಎ ಅಂತ ಹಳೆ ಪದ್ಧತಿಯವರಿಗೆ ಸಿಗೋ ವಿನಾಯಿತಿ ಬಾಡಿಗೆಗೆ ಮಾತ್ರ, ಪ್ಲಂಬರ್ ಬಿಲ್ಲಿಗೆ ಅಲ್ಲ.

ಇದನ್ನ ನನ್ನ ಚಿಕ್ಕಪ್ಪನ ಮಗ ಮೈಸೂರಲ್ಲಿ ತಿರುಗಿಸಿ ಬಳಸಿಕೊಂಡ. ಅವನು ಓದಿದ್ದು ಡಿಪ್ಲೊಮಾ, ಕಾಮರ್ಸ್ ಅಲ್ಲ. ಅವನಿಗೂ ಕಮೋಡ್ ಬೇಕಿತ್ತು. ಪ್ಲಂಬರ್ ಕೊಟ್ಟ ಎಸ್ಟಿಮೇಟ್ ಫೋಟೋ ಓನರಿಗೆ ಕಳಿಸಿ, "ಸಾರ್, ನೀವೇ ಹಾಕಿಸಿಕೊಡಿ, ಬಾಡಿಗೆ 500 ಜಾಸ್ತಿ ಕೊಡ್ತೀನಿ" ಅಂದ. ಓನರ್ ಹಾಕಿಸಿಕೊಟ್ರು. ಮನೆ ಅವರದು, ಕಮೋಡೂ ಅವರದು, ಹತ್ತು ವರ್ಷ ಬಾಡಿಗೆ ದುಡಿಯೋದೂ ಅವರಿಗೇ, ಹಾಗಾಗಿ ಬಂಡವಾಳವೂ ಅವರದೇ. ಕೆಟ್ರೆ ಪ್ಲಂಬರನ್ನ ಕರೆಸೋದೂ ಅವರೇ. ನಾನು ಹಾಗೆ ಮಾಡಿದ್ದಿದ್ರೆ 19 ತಿಂಗಳಿಗೆ 9,500 ಆಗ್ತಿತ್ತು, 17,500 ಅಲ್ಲ. ಆ ದಿನ ಮೆಟ್ಟಿಲಲ್ಲಿ ಪಟ್ಟ ಸಂಕೋಚಕ್ಕೆ ನಾನು ತೆತ್ತಿದ್ದು ಎಂಟು ಸಾವಿರ. ಆಂಟಿ ಒಪ್ತಿದ್ರಾ? ಗೊತ್ತಿಲ್ಲ. ಆದ್ರೆ ಕೇಳೋಕೆ ಏನಾಗಿತ್ತು ನನಗೆ?

ಈ ಲೆಕ್ಕ ಎಲ್ಲ ಎಕ್ಸೆಲ್ ಶೀಟಲ್ಲಿ ಹಾಕಿ ಅಮ್ಮನಿಗೆ ತೋರಿಸ್ದೆ. ಅಮ್ಮ ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಓದಿದ್ರು. ಅವರು ಇಪ್ಪತ್ತು ವರ್ಷ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದವರು, ಸುಮ್ನೆ ತಲೆ ಆಡಿಸೋರಲ್ಲ.

"ಕೂಡಿದ್ದು ಸರಿಯಾಗಿದೆ. ನಾನು ರಾತ್ರಿ ನಿನ್ನ ಎಬ್ಬಿಸದೇ ಒಬ್ಬಳೇ ಬಾತ್‌ರೂಮಿಗೆ ಹೋಗಿ ಬರ್ತಿದ್ನಲ್ಲ, ಅದನ್ನ ಯಾವ ಕಾಲಮ್ಮಲ್ಲಿ ಬರ್ದಿದ್ದೀಯ?"

ಬರೆದಿರಲಿಲ್ಲ. ಹೇಗೆ ಬರೀಬೇಕು ಅಂತ ಈಗಲೂ ಗೊತ್ತಿಲ್ಲ. ಆದ್ರೆ ಅದಕ್ಕೋಸ್ಕರ ಖರ್ಚು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. 17,500 ಮತ್ತೆ ಬೇಕಾದ್ರೂ ಹಾಕ್ತೀನಿ. ಬರೆದಿಟ್ಟುಕೊಳ್ಳದೇ ಮಾಡಿದ್ದು ತಪ್ಪು, ಅಷ್ಟೆ. ಕೆಲಸ ಮಾಡಿಸೋ ಮುಂಚೆ ಓನರಿಗೆ ಒಂದೇ ಒಂದು ವಾಟ್ಸಾಪ್ ಮೆಸೇಜ್ ಹಾಕಿ: ಏನು ಮಾಡಿಸ್ತಿದ್ದೀನಿ, ಎಷ್ಟಾಗತ್ತೆ, ನೀವೆಷ್ಟು ಹಾಕ್ತೀರ, ಹೋಗುವಾಗ ಯಾವುದು ಒಯ್ತೀನಿ, ಎರಡು ರಿನ್ಯೂವಲ್‌ವರೆಗೆ ಬಾಡಿಗೆ ಐದು ಪರ್ಸೆಂಟ್ ಮೇಲೆ ಏರಿಸಲ್ಲ ಅಂತ ಒಪ್ತೀರಾ. ಆಂಟಿ "ಸರಿಯಮ್ಮ" ಅಂತ ಒಂದು ರಿಪ್ಲೈ ಮಾಡಿದ್ರೆ ಸಾಕು. ಆಮೇಲೆ ಸಾಧ್ಯವಾದ್ರೆ ಅಗ್ರಿಮೆಂಟಲ್ಲೂ ಒಂದು ಸಾಲು ಸೇರಿಸಿ. ಮನೆಗೆ ಹೋದ ದಿನವೇ ಎಲ್ಲ ಗೋಡೆ, ನಲ್ಲಿ, ಸ್ವಿಚ್ ಬೋರ್ಡಿನ ವಿಡಿಯೋ ತೆಗೆದಿಡಿ.

ನಾನೀಗ ಚಂದ್ರಾ ಲೇಔಟಲ್ಲಿದ್ದೀನಿ, ಬಾಡಿಗೆ 18,000. ವೆಸ್ಟರ್ನ್ ಮೊದಲೇ ಇದೆ. ಹಳೇ ಮನೆ ಎಷ್ಟಕ್ಕೆ ಹೋಯ್ತು ಅಂತ ಬ್ರೋಕರ್ ಹೇಳಿದ್ರು, 18,500. ಬಂದಿರೋರ ಮನೇಲೂ ವಯಸ್ಸಾದ ಅತ್ತೆ ಇದ್ದಾರಂತೆ.

ಹಠಕ್ಕೆ ಬಿಚ್ಕೊಂಡು ಬಂದ ನಾಲ್ಕು ಸೊಳ್ಳೆ ಮೆಶ್ ಫ್ರೇಮ್‌ಗಳು ನನ್ನ ಮಂಚದ ಕೆಳಗಿವೆ, ಇಲ್ಲಿನ ಕಿಟಕಿಗೆ ಒಂದೂ ಕೂರಲ್ಲ. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ನಿಮ್ಮನೇಲಿ ಆ ಅಳತೆ ಕಿಟಕಿ ಇದ್ರೆ ಮೆಸೇಜ್ ಮಾಡಿ, ಫ್ರೀಯಾಗಿ ಕೊಡ್ತೀನಿ. ನಿಮ್ಮ ಓನರಿಗೆ ಮೊದಲು ಹೇಳಿ ಬನ್ನಿ. ಮುಂದಿನ ವಾರ ಸಿಗೋಣ, ಟರ್ಮ್ ಇನ್ಶೂರೆನ್ಸ್ ಬಗ್ಗೆ.