ಅಜ್ಜನ ಮನೆಗೆ ಮತ್ತೆ ಒಲೆ ಹೊಗೆ

ಹೋದ ವಾರ ದುಬೈಯಲ್ಲಿರುವ ಭಾವ ಒಂದು ವಿಡಿಯೋ ಕಳಿಸಿದ್ರು. ಇಟಲಿಯ ಸಿಸಿಲಿಯಲ್ಲಿ ಸಂಬೂಕ ಅಂತ ಒಂದು ಊರು. ಜನ ಊರು ಬಿಟ್ಟು ಮನೆಗಳೆಲ್ಲ ಖಾಲಿ ಬಿದ್ದಾಗ, 2019ರಲ್ಲಿ ಅಲ್ಲಿನ ಆಡಳಿತ ಹಳೆ ಮನೆಗಳನ್ನು ಒಂದು ಯೂರೋಗೆ ಮಾರಾಟಕ್ಕಿಟ್ಟಿತು. ಮೂರು ವರ್ಷದೊಳಗೆ ರಿಪೇರಿ ಮಾಡಿಸಬೇಕು ಅಂತ ಷರತ್ತು. "ಕಲ್ಲಿನ ಮನೆ, ಹಿಂದೆ ಆಲಿವ್ ತೋಟ. ನಿಮ್ಮ ಹುಚ್ಚಿಗೆ ಸರಿಯಾದ ಜಾಗ" ಅಂತ ಭಾವನ ತಮಾಷೆ.

ನನ್ನ ಹುಚ್ಚು ಎಂತದ್ದು ಅಂದ್ರೆ, ಕಾರ್ಕಳ ತಾಲೂಕಿನಲ್ಲಿರುವ ಅಜ್ಜನ ಮನೆ. ಮುರಕಲ್ಲಿನ ಗೋಡೆ, ಹಲಸಿನ ಕಂಬದ ಚಾವಡಿ, ಹಂಚಿನ ಮಾಡು, ಕೆಳಗೆ ಒಂದೂವರೆ ಎಕರೆ ಅಡಿಕೆ ತೋಟ. ಅಜ್ಜಿ ತೀರಿಕೊಂಡ ಮೇಲೆ ಒಂಬತ್ತು ವರ್ಷ ಬೀಗ. ನಾಲ್ಕು ಪಾಲು, ಅದರಲ್ಲಿ ಮೂವರು ಮುಂಬೈಯಲ್ಲಿ. "ಕೆಡವಿ ಮರ ಮಾರುವ" ಅಂದ್ರು. ವ್ಯಾಪಾರಿಯೊಬ್ಬರು ಬಂದು ಕಂಬ, ಬಾಗಿಲು ಅಳತೆ ಮಾಡಿ ಹೋಗಿಯೂ ಆಗಿತ್ತು.

ಆಗಲೇ ನಾನು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡ್ಲಿಕ್ಕೆ ಹೋದದ್ದು. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು, ನಾಶವಾಗಲಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. ಕಾಪು ಕಡೆಯ ಕುಂಜೂರಿನ ಚೌಕಿಮನೆ, ನಮ್ಮ ಕಾರ್ಕಳದ ಮಿಯ್ಯಾರಿನ ಮನೆ, ಎರಡೂ ಅಲ್ಲಿ ಉಂಟು. ಅವರು ಮಾಡದಿದ್ರೆ ಆ ಮರ ಯಾವ್ಯಾವುದೋ ಹೋಟೆಲಿನ ಅಲಂಕಾರ ಆಗ್ತಿತ್ತು. ಆದ್ರೂ ಅಲ್ಲಿ ನಿಂತಾಗ ಹೊಟ್ಟೆಯೊಳಗೆ ಒಂಥರ ಸಂಕಟ. ಮನೆಯನ್ನು ಲಾರಿಯಲ್ಲಿ ತರಬಹುದು. ಬಾವಿಯನ್ನು, ತೋಟವನ್ನು ತರ್ಲಿಕ್ಕೆ ಆಗ್ತದಾ? ಮನೆಗೆ ಬರುವಾಗ, ಕೆಡವುದು ಬೇಡ ಅಂತ ತೀರ್ಮಾನ ಮಾಡಿ ಆಗಿತ್ತು.

ರಿಪೇರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಸಿಮೆಂಟ್. ಸುಣ್ಣದ ಗಾರೆ ಉದುರಿದ ಕಡೆಯೆಲ್ಲ ಸಿಮೆಂಟ್ ಬಳಿಸಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಮುರಕಲ್ಲು ನೀರು ಕುಡೀತದೆ. ಆಗಸ್ಟ್ ಬರುವಾಗ ಗೋಡೆಯ ಒಳಬದಿಯೆಲ್ಲ ಹಸಿರು ಪಾಚಿ. ನೋಡಿದ ಆಚಾರ್ರು, "ಕುಡಿದ ನೀರು ಎಲ್ಲಿಂದ ಹೊರಗೆ ಹೋಗ್ಬೇಕು ಮಾರಾಯ್ರೆ?" ಅಂದ್ರು. ಮರು ಬೇಸಿಗೆಯಲ್ಲಿ ಎಲ್ಲ ಕಿತ್ತು ಸುಣ್ಣವೇ ಹಾಕಿಸಿದೆ. ಎರಡೆರಡು ಖರ್ಚು.

ಹಂಚಿನದ್ದು ಇನ್ನೊಂದು ಕಥೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ನಿಮಗೆ ಗೊತ್ತಿರಬಹುದು. ಆಮೇಲೆ ಎಷ್ಟೋ ಕಾರ್ಖಾನೆ ಬಂತು. ಆದ್ರೆ ಒಂದರ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುದಿಲ್ಲ, ಸಂದಿನಲ್ಲಿ ಸೋರ್ತದೆ. ಕಡೆಗೆ ಕಾಪು ಹತ್ತಿರ ಕೆಡವಿದ ಮನೆಯೊಂದರಲ್ಲಿ ಅದೇ ಅಚ್ಚಿನ ಆರುನೂರು ಹಂಚು ಸಿಕ್ಕಿತು. ಆ ಮನೆಯ ವಯಸ್ಸಾದ ಅಮ್ಮ ಗೇಟಿನ ಹತ್ತಿರ ನಿಂತು, ನಾವು ಲೋಡ್ ಮಾಡುದನ್ನು ನೋಡ್ತಾ ಇದ್ರು. ಮಾತಾಡ್ಲಿಲ್ಲ. ನನಗೂ ಎಂತ ಹೇಳುದು ಅಂತ ಗೊತ್ತಾಗ್ಲಿಲ್ಲ.

ತೋಟದ್ದು ಬೇರೆ ಪಾಠ. ಮೊದಲ ವರ್ಷ ನಾನು ಉಡುಪಿಯಲ್ಲಿದ್ದು ಶನಿವಾರ, ಆದಿತ್ಯವಾರ ಮಾತ್ರ ಹೋಗ್ತಿದ್ದೆ. ಮಳೆಗೆ ಮೊದಲು ಬೋರ್ಡೋ ಬಿಡಿಸಿದ್ದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನಲವತ್ತೈದು ದಿನದೊಳಗೆ ಎರಡನೇ ಸಲ ಬಿಡ್ಬೇಕಿತ್ತು. ಮರ ಹತ್ತುವವರು ಬಿಸಿಲು ಬಿದ್ದ ದಿನ ಬರ್ತಾರೆ, ಬಿಸಿಲು ಬಿದ್ದದ್ದು ಬುಧವಾರ. ನಾನು ಆಫೀಸಿನಲ್ಲಿ. ಕೊಳೆರೋಗ ಹಿಡಿದು ಅರ್ಧಕ್ಕಿಂತ ಹೆಚ್ಚು ಅಡಿಕೆ ನೆಲಕ್ಕೆ ಉದುರಿತು. ತೋಟ ಆದಿತ್ಯವಾರಕ್ಕೆ ಕಾಯುದಿಲ್ಲ. ಹೆಂಡತಿ ಹತ್ರ ಮಾತಾಡಿ, ಸಾಮಾನು ಕಟ್ಟಿ ಅಲ್ಲಿಗೇ ಹೋದೆವು. ಈಗ ಕೆಲಸಕ್ಕೆ ದಿನಾ ಅಲ್ಲಿಂದಲೇ ಓಡಾಟ.

ಸೌದೆ ಒಲೆ ಮತ್ತೆ ಹೊತ್ತಿಸಿದ್ದೇವೆ. ಹೊಗೆ ಹೋಗುವ ಅಡಿಗೆಕೋಣೆಯ ಪಕ್ಕಾಸಿಗೆ ಹುಳ ಹಿಡಿದಿರಲೇ ಇಲ್ಲ, ಬೀಗ ಹಾಕಿದ ಒಂಬತ್ತು ವರ್ಷದಲ್ಲೇ ಶುರುವಾದದ್ದು.

ಪಾಲುಪಟ್ಟಿಗೆ ಇನ್ನೂ ಸಹಿ ಬಿದ್ದಿಲ್ಲ. ದೊಡ್ಡಪ್ಪನ ಮಗ ಮೇ ತಿಂಗಳಲ್ಲಿ ಬಂದು ಎರಡು ದಿನದ ಬದಲು ಹನ್ನೊಂದು ದಿನ ನಿಂತ. ಹೋಗುವಾಗ, "ನನ್ನ ಪಾಲಿಗೆ ಎಷ್ಟು ಕೊಡ್ತಿ?" ಅಂತ ಕೇಳಿಯೇ ಹೋದ. ಕೊಡುವಷ್ಟು ದುಡ್ಡು ನನ್ನ ಹತ್ರ ಇಲ್ಲ, ಅದು ಅವನಿಗೂ ಗೊತ್ತು. ಎರಡನೇ ಮದ್ದಿಗೆ ಇನ್ನು ಆರು ದಿನ ಉಂಟು, ಮಳೆ ಬಿಡ್ತಾ ಇಲ್ಲ.