ಬೆಟ್ಟದ ಉಸಿರು ತಗ್ಗಿದಾಗ



ಭೂಗರ್ಭದ ಶಿಲಾಪಾಕ ಮೇಲೇರಿದಂತೆ ಅದರ ಮೇಲಿನ ಒತ್ತಡ ತಗ್ಗಿ, ಕರಗಿದ್ದ ಅನಿಲಗಳು ಬಿಡುಗಡೆಯಾಗುತ್ತವೆ. ಆದ್ದರಿಂದ ಜ್ವಾಲಾಮುಖಿಯ ಅನಿಲ ಹೆಚ್ಚುವುದು ಅಪಾಯದ ಮುನ್ಸೂಚನೆ. ಹಾಗಾದರೆ ಅನಿಲ ಇಳಿದರೆ ಅಪಾಯವೂ ಇಳಿಯಿತೆನ್ನಬಹುದೇ? ಫಿಲಿಪೈನ್ಸ್ ದೇಶದ ಪಿನಟುಬೊ ಬೆಟ್ಟ 1991ರಲ್ಲಿ ಈ ಪ್ರಶ್ನೆಗೆ ಉತ್ತರ ನೀಡಿತು.

ಶತಮಾನಗಳಿಂದ ಶಾಂತವಾಗಿದ್ದ ಆ ಬೆಟ್ಟದ ಇಳಿಜಾರುಗಳಲ್ಲಿ ಆಯ್ಟಾ ಬುಡಕಟ್ಟಿನ ಸಾವಿರಾರು ಜನರು ವಾಸವಾಗಿದ್ದರು. ಏಪ್ರಿಲ್ 2ರ ಉಗಿಸ್ಫೋಟವನ್ನು ಮೊದಲು ಕಂಡವರು ಬೆಟ್ಟದ ನಿವಾಸಿಗಳೇ. ಬಳಿಕ ಫಿಲಿಪೈನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಅಲ್ಲಿ ಕಂಪನಮಾಪಕಗಳನ್ನು ಸ್ಥಾಪಿಸಿದರು. ಕಾರ್ಖಾನೆಗಳ ಹೊಗೆಯನ್ನು ಅಳೆಯಲೆಂದು ರೂಪಿಸಿದ್ದ ಉಪಕರಣವನ್ನು ಬೆಟ್ಟದ ಅನಿಲವನ್ನು ಅಳೆಯಲು ಬಳಸಿದರು. ಗಂಧಕದ ಡೈಆಕ್ಸೈಡ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರುತ್ತದೆ. ಹೀರಿದ ಪ್ರಮಾಣದಿಂದ ಅನಿಲದ ಲೆಕ್ಕ ದೊರೆಯುತ್ತದೆ.

ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದ ಈ ಅನಿಲ ಮೇ 28ರ ವೇಳೆಗೆ 5,000 ಟನ್ ದಾಟಿತು. ಜೂನ್ 5ರ ಹೊತ್ತಿಗೆ 300 ಟನ್ನಿಗಿಂತಲೂ ಕೆಳಗಿಳಿಯಿತು. ಆದರೆ ನೆಲದ ಕಂಪನ ನಿಂತಿರಲಿಲ್ಲ. ಒಲೆ ಉರಿಯುತ್ತಿರುವಾಗಲೇ ಕುಕ್ಕರಿನ ಕೂಗು ನಿಂತರೆ ಗೃಹಿಣಿ ನೆಮ್ಮದಿಪಡುವುದಿಲ್ಲ. ಅನ್ನದ ಅಗುಳು ಕೊಳವೆಯನ್ನು ಕಟ್ಟಿರಬಹುದೆಂದು ಎಚ್ಚರಗೊಳ್ಳುತ್ತಾಳೆ. ವಿಜ್ಞಾನಿಗಳೂ ಅನಿಲದ ದಾರಿ ಮುಚ್ಚಿರಬಹುದೆಂದು ಶಂಕಿಸಿದರು. ಅಂದೇ ಎಚ್ಚರಿಕೆಯನ್ನು ಮೂರನೆಯ ಹಂತಕ್ಕೆ ಏರಿಸಲಾಯಿತು. ಜೂನ್ 9ರಂದು ಅದು ಐದನೆಯ, ಅತ್ಯುನ್ನತ ಹಂತವನ್ನು ಮುಟ್ಟಿತು.

ಜೂನ್ 15ರಂದು ಬೆಟ್ಟ ಸಿಡಿಯಿತು. ಸುಮಾರು 1.7 ಕೋಟಿ ಟನ್ ಗಂಧಕದ ಡೈಆಕ್ಸೈಡ್ ವಾಯುಮಂಡಲದ ಮೇಲ್‌ಸ್ತರವನ್ನು ಸೇರಿತು. ಅಷ್ಟರಲ್ಲಿ ಹತ್ತಾರು ಸಾವಿರ ಜನರನ್ನು ತೆರವುಗೊಳಿಸಲಾಗಿತ್ತು. ಸಾವಿರಾರು ಜೀವಗಳು ಉಳಿದವು. ಆದರೂ ಅದೇ ದಿನ ಬೀಸಿದ ಚಂಡಮಾರುತದ ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಮಾಡುಗಳು ಕುಸಿದು ನೂರಾರು ಜನ ಮಡಿದರು. ಮುಂದೆ ನಿರಾಶ್ರಿತರ ಶಿಬಿರಗಳಲ್ಲಿ ದಡಾರ ಹರಡಿ ಅನೇಕ ಆಯ್ಟಾ ಮಕ್ಕಳು ಅಸುನೀಗಿದರು.

ಆದ್ದರಿಂದ ಅನಿಲದ ಅಂಕಿಯೊಂದನ್ನೇ ನಂಬಿ ನಿರ್ಧರಿಸಲಾಗದು. ನೆಲದ ಕಂಪನ, ಬೆಟ್ಟದ ಉಬ್ಬು, ಅಲ್ಲಿಯೇ ಬಾಳುವವರು ಕಂಡ ಬದಲಾವಣೆ ಇವೆಲ್ಲವನ್ನೂ ಕೂಡಿಸಿ ನೋಡಬೇಕು. ಜನರನ್ನು ಕೆಳಗಿಳಿಸುವ ಸಿದ್ಧತೆಯ ಜೊತೆಗೆ, ಇಳಿದವರಿಗೆ ನೀರು, ಔಷಧ, ಲಸಿಕೆಗಳ ಸಿದ್ಧತೆಯೂ ನಡೆದಿರಬೇಕು.