ಪುಸ್ತಕದಿಂದ ಕೈಯ ಕಾಳಗವನ್ನು ಕಲಿಯಬಹುದೆ?

(ವ್ಯಾಯಾಮಶಾಲೆಯೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಒಂದು ಚಿಕ್ಕ ಪುಸ್ತಕದ ಮಾತನ್ನಾಡಲು ನಿಂತಿದ್ದೇವೆ. ಅದು ಕಾವ್ಯವಲ್ಲ, ಪುರಾಣವಲ್ಲ. ಬರಿಗೈಯಿಂದ ಶತ್ರುವನ್ನು ಎದುರಿಸುವ ಬಗೆಯನ್ನು ಸಿಪಾಯಿಗೆ ಕಲಿಸುವ ಕೈಪಿಡಿ. ದಡದಲ್ಲಿ ಕುಳಿತು ಓದಿ ಈಜು ಕಲಿತವರುಂಟೆ ಎಂದು ತಾವು ನಗಬಹುದು. ಆ ಪ್ರಶ್ನೆಗೇ ಉತ್ತರವನ್ನು ಹುಡುಕೋಣ.

ಇದರ ಕರ್ತೃ ವಿಲಿಯಂ ಯೂವರ್ಟ್ ಫೇರ್‌ಬೇರ್ನ್ ಎಂಬ ಆಂಗ್ಲನು. 1885ರಲ್ಲಿ ಹುಟ್ಟಿ, ಎಳವೆಯಲ್ಲಿ ನೌಕಾಸೈನಿಕನಾಗಿದ್ದು, 1907ರಲ್ಲಿ ಚೀನದ ಶಾಂಘಾಯಿ ನಗರದ ಪೋಲೀಸು ದಳವನ್ನು ಸೇರಿದನು. ಅಲ್ಲಿಯ ಗೂಂಡಾಗಳ ಹಾವಳಿಯ ನಡುವೆ ಜಪಾನೀಯರ ಜುಜುತ್ಸುವನ್ನು ಕಲಿತು, ತನ್ನ ಅನುಭವವನ್ನು 1926ರಲ್ಲಿ ಮೊದಲ ಪುಸ್ತಕವಾಗಿ ಪ್ರಕಟಿಸಿದನು. 1940ರಲ್ಲಿ ಜರ್ಮನರ ದಾಳಿಯ ಭಯ ಬ್ರಿಟನ್ನನ್ನು ಆವರಿಸಿದಾಗ, ಸಹೋದ್ಯೋಗಿ ಎರಿಕ್ ಸೈಕ್ಸನೊಡನೆ ಸ್ವದೇಶಕ್ಕೆ ಮರಳಿ, ಸ್ಕಾಟ್ಲೆಂಡಿನ ಲಾಕೈಲಾರ್ಟಿನಲ್ಲಿ ಕಮಾಂಡೋ ಭಟರಿಗೆ ಗುರುವಾದನು. ಅವನ ಯುದ್ಧಕಾಲದ ಕೈಪಿಡಿ 1942ರಲ್ಲಿ ಹೊರಬಂದಿತು. ಅದೇ ವರ್ಷ ಅಮೆರಿಕದ ಸೈನ್ಯವೂ ನಿರಾಯುಧ ರಕ್ಷಣೆಯ ತನ್ನ ಕೈಪಿಡಿಯನ್ನು ಅಚ್ಚು ಹಾಕಿಸಿತು.

ಇಂಥ ಪುಸ್ತಕಗಳು ಆಗಲೇ ಏಕೆ ಹುಟ್ಟಿದವು? ಗರಡಿಯ ಉಸ್ತಾದನು ಒಬ್ಬ ಶಿಷ್ಯನನ್ನು ಹತ್ತು ವರ್ಷ ತಿದ್ದಬಲ್ಲನು. ಯುದ್ಧವಾದರೋ ಗುಮಾಸ್ತರನ್ನೂ ಒಕ್ಕಲಿಗರನ್ನೂ ಸಾವಿರಗಟ್ಟಲೆಯಾಗಿ ಕೆಲವೇ ವಾರಗಳಲ್ಲಿ ಸಿದ್ಧಪಡಿಸೆಂದು ಕೇಳಿತು. ಆದುದರಿಂದ ಫೇರ್‌ಬೇರ್ನನು ಶೋಭೆಯ ವರಸೆಗಳನ್ನು ಬಿಟ್ಟು, ಅಂಗೈಯ ಬುಡದಿಂದ ಗದ್ದಕ್ಕೆ ಕೊಡುವ ಹೊಡೆತ, ಕೈಯ ಅಂಚಿನ ಪೆಟ್ಟು, ಹಿಡಿತದಿಂದ ಬಿಡಿಸಿಕೊಳ್ಳುವ ಉಪಾಯ, ಇಂಥವನ್ನೇ ಆಯ್ದುಕೊಂಡನು. ಎಲ್ಲವನ್ನೂ ಕಲಿಯಹೋಗಬೇಡಿರಿ, ನಿಮ್ಮ ಮೈಕಟ್ಟಿಗೆ ಒಪ್ಪುವ ಹತ್ತನ್ನು ಆರಿಸಿರಿ, ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ, ದಿನವೂ ಹತ್ತು ನಿಮಿಷವಾದರೂ ಗೆಳೆಯನೊಡನೆ ಸಾಧನೆ ಮಾಡಿರಿ ಎಂಬುದು ಅವನ ಬೋಧೆಯ ಸಾರ.

ಇನ್ನು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹರೆಯದಲ್ಲಿ ನಾವೂ ಒಬ್ಬ ಗೆಳೆಯರೂ ಇಂಥದೊಂದು ಪುಸ್ತಕವನ್ನು ಹಿತ್ತಿಲಲ್ಲಿ ಬಿಚ್ಚಿಟ್ಟುಕೊಂಡು ತೋಳು ತಿರುಚುವ ಪಟ್ಟನ್ನು ಹಾಕಿದೆವು. ಚಿತ್ರದಲ್ಲಿದ್ದಂತೆಯೇ ಕೈ ಹಿಡಿದೆವು. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಚಿತ್ರದಲ್ಲಿರಲಿಲ್ಲ. ಗೆಳೆಯರ ಭುಜ ಕೀಲು ತಪ್ಪಿತು. ಮೂರು ತಿಂಗಳು ಅವರು ಬಲಗೈಯಿಂದ ತುತ್ತು ಎತ್ತಲಿಲ್ಲ. ಅವರ ತಾಯಿಯವರು ನಮ್ಮನ್ನು ಒಂದು ಮಾತೂ ಬಯ್ಯಲಿಲ್ಲ. ಆ ಮೌನವು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಚಿತ್ರವು ಪಟ್ಟಿನ ಆದಿಯನ್ನೂ ಅಂತ್ಯವನ್ನೂ ತೋರಿಸುತ್ತದೆ, ನಡುವಿನದನ್ನು ತೋರಿಸದು. ಮೈಭಾರವು ಯಾವ ಕಾಲಿಗೆ ಸರಿಯಿತು, ಎದುರಾಳಿಯ ತೂಕ ಯಾವ ಕ್ಷಣದಲ್ಲಿ ತಪ್ಪಿತು, ಇದನ್ನು ಮೈಯೇ ಅರಿಯಬೇಕು. ಆದರೆ ಪುಸ್ತಕವು ಕಾರಣವನ್ನು ಹೇಳಬಲ್ಲುದು. ಮಣಿಕಟ್ಟನ್ನು ಒಬ್ಬನು ಬಿಗಿಯಾಗಿ ಹಿಡಿದನೆನ್ನಿ. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಹಿಂದಕ್ಕೆ ಜಗ್ಗಿದರೆ ನಾಲ್ಕರೊಡನೆ ಹೋರಾಟ. ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆದರೆ ಒಂದರೊಡನೆ. ಇದನ್ನು ತಿಳಿದ ಬಾಲಕಿಯೂ ಬಿಡಿಸಿಕೊಳ್ಳಲು ದಾರಿಯನ್ನು ಕಂಡಾಳು. ಫೇರ್‌ಬೇರ್ನನು 1942ರಲ್ಲಿ ಹೆಂಗಸರ ಸಲುವಾಗಿಯೇ ಬೇರೊಂದು ಪುಸ್ತಕವನ್ನು ಬರೆದುದು ವ್ಯರ್ಥವಲ್ಲ.

ಆದುದರಿಂದ ಓದತಕ್ಕ ಕ್ರಮವಿದು. ಮೂವರು ಕೂಡಬೇಕು: ಒಬ್ಬನು ಗಟ್ಟಿಯಾಗಿ ಓದಲಿ, ಇಬ್ಬರು ಮೆಲ್ಲನೆ ಮಾಡಲಿ. ನೋವಾದೊಡನೆ ಅಂಗೈಯಿಂದ ತಟ್ಟಬೇಕು, ತಟ್ಟಿದೊಡನೆ ಬಿಡಬೇಕು. ನೆಲ ಮೆತ್ತಗಿರಲಿ. ಬಲ್ಲವರೊಬ್ಬರು ಹತ್ತಿರವಿರಲಿ. ಬಿಡಿಸಿಕೊಳ್ಳುವ ವಿದ್ಯೆ ಶಾಲೆಗೆ ಬರಲಿ. ಪ್ರಾಣ ತೆಗೆಯುವ ಪೆಟ್ಟುಗಳು ಸೈನಿಕನ ಪಾಲಿಗಿರಲಿ. ಬಲವಿಲ್ಲದವನ ಕ್ಷಮೆಗೆ ಬೆಲೆಯಿಲ್ಲ. ತಡೆಯಿಲ್ಲದವನ ಬಲಕ್ಕೆ ಮರ್ಯಾದೆಯಿಲ್ಲ.

ಕನ್ನಡ ನಾಡಿಗೆ ಈ ವಿದ್ಯೆಯೂ ಅದರ ಬರವಣಿಗೆಯೂ ಹೊಸವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೂ ಎಡೆಗೊಟ್ಟನು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದುಸ್ಥಾನಿ ಸೇವಾದಳವನ್ನು ಕಟ್ಟಿ, ನಿರಾಯುಧ ತರುಣರಿಗೆ ಸೈನಿಕನ ಶಿಸ್ತನ್ನು ಕಲಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆದಾಗ ಕರ್ನಾಟಕ ಏಕೀಕರಣ ಪರಿಷತ್ತೂ ಅಲ್ಲಿಯೇ ಕೂಡಿತು. ಶಿಸ್ತಿನ ದೇಹವೂ ಒಂದಾದ ನಾಡೂ ಒಂದೇ ಊರಿನಲ್ಲಿ ಕಂಡ ಎರಡು ಕನಸುಗಳು. ನಾಡು 1956ರಲ್ಲಿ ಒಂದಾಯಿತು. ನಾಡಿನ ವಿದ್ಯೆಯೂ ನಾಡಿನ ನುಡಿಗೆ ಇಳಿದು ಬರಬೇಕು.

ಶಿಕ್ಷಕ ಬಂಧುಗಳೇ, ಇಲ್ಲಿಯೇ ತಮ್ಮ ಕೆಲಸವಿದೆ. ತಮ್ಮ ಊರಿನ ಗರಡಿಗೆ ಹೋಗಿರಿ. ಪಟ್ಟು, ವರಸೆ, ಸಾಮು, ಚಿತ್ತು ಎಂಬ ಮಾತುಗಳು ಅಲ್ಲಿ ಮೈತುಂಬಿಕೊಂಡು ನಿಂತಿವೆ. ನಿಘಂಟನ್ನು ತಡಕಿ ಹೊಸ ಪದಗಳನ್ನು ಹೊಸೆಯಬೇಕಾಗಿಲ್ಲ. ಉಸ್ತಾದನು ಮಾಡಿ ತೋರಿಸಲಿ, ತಾವು ನೋಡಿ ಬರೆಯಿರಿ. ಎಲ್ಲಿ ಹಿಡಿಯಬೇಕೆಂಬುದರ ಜೊತೆಗೆ ಎಲ್ಲಿ ಬಿಡಬೇಕೆಂಬುದನ್ನೂ ಬರೆಯಿರಿ. ಅಂಥ ಪುಸ್ತಕವು ನಮ್ಮ ಹರೆಯದಲ್ಲಿ ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿದ್ದರೆ ಒಬ್ಬ ಗೆಳೆಯರ ಭುಜವು ಉಳಿಯುತ್ತಿತ್ತು. ಇಷ್ಟನ್ನು ಹೇಳಿ ವಿರಮಿಸುತ್ತೇವೆ.